ಓದುಗರ ಪ್ರಶ್ನೆ: ಅಟ್ಟದಲ್ಲಿ ಸಿಕ್ಕಿದ ಕಲ್ಲಚ್ಚಿನ ಜೈಮಿನಿ ಭಾರತ

ಪ್ರಶ್ನೆ: ನಮ್ಮ ಹಿರಿಯರ ಮನೆಯ ಅಟ್ಟದಲ್ಲಿ ಜೈಮಿನಿ ಭಾರತದ ಪುಸ್ತಕವೊಂದು ಸಿಕ್ಕಿದೆ. ರಟ್ಟೂ ಮೊದಲ ಕೆಲವು ಹಾಳೆಗಳೂ ಇಲ್ಲ. ಅಕ್ಷರಗಳು ಕೈಬರಹದಂತಿರುವುದರಿಂದ ಇದು ಹಸ್ತಪ್ರತಿಯೆಂದು ಮನೆಯವರು ಹೇಳುತ್ತಾರೆ. ನನಗೆ ಅಚ್ಚಿನ ಪುಸ್ತಕವೆಂದೇ ತೋರುತ್ತದೆ. ಕಾಲವನ್ನು ತಿಳಿಯುವುದು ಹೇಗೆ? ಹಾಳೆಗಳಿಗೆ ಲ್ಯಾಮಿನೇಷನ್ ಮಾಡಿಸಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಲ್ಯಾಮಿನೇಷನ್ ಖಂಡಿತ ಬೇಡ. ಶಾಖದಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಮುಂದೆ ಯಾವ ತಜ್ಞರೂ ಕಾಗದಕ್ಕೆ ಹಾನಿಯಾಗದಂತೆ ಬಿಡಿಸಲಾರರು.

ನಿಮ್ಮ ಊಹೆಯೂ ಮನೆಯವರ ಮಾತೂ ಒಂದು ಮಟ್ಟಿಗೆ ಸರಿಯಿರಬಹುದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಮುದ್ರಣಾಲಯದಲ್ಲಿ ಮೊದಲು ಇದ್ದದ್ದು ಅಚ್ಚುಮೊಳೆಗಳಲ್ಲ, ಕಲ್ಲಚ್ಚು. ಲಿಪಿಕಾರರು ಜಿಡ್ಡಿನ ಶಾಯಿಯಲ್ಲಿ ಬರೆದುದನ್ನು ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಸವರಿದರೆ, ಬರಹವಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತಿತ್ತು. ಹೀಗಾಗಿ ಒಬ್ಬ ಲಿಪಿಕಾರನ ಕೈಬರಹವೇ ನೂರಾರು ಪ್ರತಿಗಳಾಗಿ ಹೊರಬರುತ್ತಿತ್ತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಅಚ್ಚಾದದ್ದೂ ಹೀಗೆಯೇ. ಅದೇ ಮಿಷನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಅವರು ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಅವರ ಧನಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಹಳೆಯ ಕನ್ನಡ ಕೃತಿಗಳ ಮಾಲೆಯನ್ನು ಹೊರತಂದಾಗ, 1848ರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವೂ ಕಲ್ಲಚ್ಚಿನಲ್ಲಿ ಬಂತು. ನಿಮ್ಮ ಬದಿಯಡ್ಕವಿರುವ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತಾದ್ದರಿಂದ, ಮಂಗಳೂರಿನ ಪುಸ್ತಕವೊಂದು ನಿಮ್ಮ ಅಟ್ಟವನ್ನು ಸೇರಿದ್ದರೆ ಅದು ಸಹಜವೇ. ಆದರೆ ಇದು ಆ ಮುದ್ರಣವೇ ಎಂದು ನೋಡದೆ ಹೇಳಲು ನಾನು ಒಪ್ಪುವುದಿಲ್ಲ.

ಕಲ್ಲಚ್ಚೋ ಅಲ್ಲವೋ ಎಂಬುದನ್ನು ನೀವೇ ಪರೀಕ್ಷಿಸಬಹುದು. ಮೊಳೆಯಚ್ಚಿನಲ್ಲಿ ಅಕ್ಷರದ ಒತ್ತು ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ತಾಗುತ್ತದೆ, ಎಲ್ಲ ‘ಕ’ಗಳೂ ಒಂದೇ ರೂಪದಲ್ಲಿರುತ್ತವೆ, ಕಲ್ಲಚ್ಚಿನಲ್ಲಿ ಒತ್ತು ಇರುವುದಿಲ್ಲ, ಒಂದೇ ಪುಟದ ಎರಡು ‘ಕ’ಗಳು ತುಸು ಬೇರೆಯಾಗಿರುತ್ತವೆ. ಬಳಿಕ ಹಾಳೆಯನ್ನು ಬಗ್ಗಿಸದೆ ಬೆಳಕಿಗೆ ಹಿಡಿದು ನೋಡಿ. ಆ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಕೆಲವೊಮ್ಮೆ ತಯಾರಕರ ಹೆಸರೂ ವರ್ಷವೂ ನೀರ್ಗುರುತಾಗಿ ಇರುತ್ತವೆ. ವರ್ಷ ಕಂಡರೆ ಪುಸ್ತಕ ಅದಕ್ಕಿಂತ ಹಿಂದಿನದಾಗಿರಲಾರದು. ಅಂಚುಗಳನ್ನು ಕತ್ತರಿಸಿ ನೇರ ಮಾಡಿಸುವ ಬೈಂಡರುಗಳ ಕೈಗೆ ಇದನ್ನು ಕೊಡಬೇಡಿರೆಂದು ಬೇಡಿಕೊಳ್ಳುವುದು ಇದಕ್ಕಾಗಿಯೇ: ಹೊಲಿಗೆ, ಅಂಚು, ಓದಿದವರು ಬದಿಯಲ್ಲಿ ಬರೆದ ಟಿಪ್ಪಣಿ, ಇವೆಲ್ಲವೂ ಮುಖಪುಟ ಕಳೆದುಕೊಂಡ ಪುಸ್ತಕಕ್ಕೆ ಉಳಿದಿರುವ ಸಾಕ್ಷಿಗಳು.

ಹತ್ತಿ, ನಾರುಬಟ್ಟೆಗಳ ಚಿಂದಿಯಿಂದ ಮಾಡಿದ ಆ ಕಾಲದ ಕಾಗದ, ಮುಂದೆ ಬಂದ ಮರದ ತಿರುಳಿನ ಕಾಗದಕ್ಕಿಂತ ಎಷ್ಟೋ ಗಟ್ಟಿ. ನೂರು ವರ್ಷ ಈಚಿನ ಪುಸ್ತಕಗಳು ಪುಡಿಯಾಗುವಾಗಲೂ ಇವು ಮಡಚಿದರೆ ಮುರಿಯದಿರುವುದುಂಟು. ನಮ್ಮ ಕಡೆಯಲ್ಲಿ ಇವುಗಳ ಶತ್ರು ಮಳೆಗಾಲ. ಗಾಳಿಯ ತೇವಾಂಶ ಶೇಕಡಾ 65–70ನ್ನು ಮೀರಿ ಬಹುಕಾಲ ನಿಂತರೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಮೀನು ಹುಳುಗಳೂ ಸೇರುತ್ತವೆ. ಆದ್ದರಿಂದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ಹೊರಗೋಡೆಗೆ ಒರಗಿಸಬೇಡಿ, ಬಿಸಿಲಿಗೂ ಹಾಕಬೇಡಿ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಅಂಥದೇ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಗಾಳಿಯಾಡುವ ಒಳಕೋಣೆಯಲ್ಲಿಡಿ. ನುಸಿಗುಳಿಗೆಯಿಂದ ಬೂಷ್ಟು ನಿಲ್ಲುವುದಿಲ್ಲ. ಹಾಳೆಗಳ ನಡುವೆ ಇಟ್ಟ ಬೇವಿನೆಲೆ ಕಲೆ ಮಾಡುತ್ತದೆ. ಧೂಳನ್ನು ಮೆತ್ತನೆಯ ಕುಂಚದಿಂದ, ಪುಸ್ತಕದ ಬೆನ್ನಿನ ಕಡೆಯಿಂದ ಹೊರಕ್ಕೆ ಸರಿಸಿ. ಹರಿದ ಚೂರುಗಳನ್ನು ಪುಟದ ಸಂಖ್ಯೆ ಬರೆದ ಲಕೋಟೆಯಲ್ಲಿಡಿ. ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ತಜ್ಞರು ಜಪಾನಿ ತೆಳುಕಾಗದವನ್ನೂ ಗೋಧಿಯ ಗಂಜಿಯನ್ನೂ ಬಳಸುವುದು, ಬೇಕಾದಾಗ ನೀರಿನಿಂದ ಬಿಡಿಸಬಹುದೆಂಬ ಕಾರಣಕ್ಕೆ.

2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ವ್ಯಾಖ್ಯೆಯಲ್ಲಿ ಕಲ್ಲಚ್ಚು ಹಸ್ತಪ್ರತಿಯಲ್ಲ. ಇದು ನನಗೆ ಬೇಸರದ ಸಂಗತಿ, ಏಕೆಂದರೆ ಹಳೆಯ ಅಚ್ಚುಪುಸ್ತಕಗಳು ಹೀಗೆ ಯಾರ ಪಟ್ಟಿಗೂ ಸೇರದೆ ಉಳಿಯುತ್ತವೆ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ ಕಾಲದ ಪುಸ್ತಕಗಳಿವೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ ಎಂಬ ಜಾಲತಾಣದಲ್ಲಿ ಮಲಯಾಳದ ಜೊತೆಗೆ ಕನ್ನಡ, ತುಳು ಕಲ್ಲಚ್ಚುಗಳನ್ನೂ ಪುಟಪುಟವಾಗಿ ನೋಡಬಹುದು. ನಿಮ್ಮಲ್ಲಿ ಉಳಿದಿರುವ ಮೊದಲ ಪದ್ಯ, ಕೊನೆಯ ಪದ್ಯ, ಪುಟದ ಅಳತೆ, ಒಂದು ಪುಟದ ಸಾಲುಗಳ ಸಂಖ್ಯೆ ಇವಿಷ್ಟನ್ನು ಬರೆದಿಟ್ಟುಕೊಂಡು, ನಾಲ್ಕಾರು ಪುಟಗಳ ಚಿತ್ರ ತೆಗೆದು, ಗುರುತಾದ ಪ್ರತಿಯೊಂದಿಗೆ ಹೋಲಿಸಲು ಬಲ್ಮಠದ ಪತ್ರಾಗಾರದವರನ್ನು ಕೇಳಿಕೊಳ್ಳಿ.