ಸ್ಕ್ರಬ್ಸ್: ಹೊಲಿಗೆ ಬಿಡುವುದೆಲ್ಲಿ, ಕಲೆ ಕೂರುವುದೇಕೆ?

ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ದುಡಿಯುವ ಗಂಡಸರು ತೊಡುವ ಸ್ಕ್ರಬ್ಸ್, ಅಂದರೆ ಕೆಲಸದ ಸಡಿಲ ಮೇಲಂಗಿ ಮತ್ತು ಪ್ಯಾಂಟಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನಾನು ಫಿಸಿಯೋಥೆರಪಿಸ್ಟ್. ದಿನಕ್ಕೆ ಹತ್ತಾರು ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕು. ಪ್ಯಾಂಟು ಪ್ರತಿ ಸಲವೂ ಕಾಲುಸಂದಿಯಲ್ಲೇ ಹರಿಯುತ್ತದೆ. ಒಂದು ಸೈಜ್ ದೊಡ್ಡದು ಕೊಂಡೆ, ಅದೂ ಮೂರೇ ತಿಂಗಳಿಗೆ ಬಾಯಿಬಿಟ್ಟಿತು. ಬಟ್ಟೆಯೇ ಕಳಪೆಯೆ?

ಉತ್ತರ: ಮೊದಲು ಹರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಗಟ್ಟಿಯಾಗಿದ್ದು ನೂಲು ಮಾತ್ರ ಕಿತ್ತಿದ್ದರೆ ತಪ್ಪು ಹೊಲಿಗೆಯದು. ಹೊಲಿಗೆ ಹಾಗೇ ಇದ್ದು ಅದರ ಪಕ್ಕದಲ್ಲಿ ಬಟ್ಟೆ ಸೀಳಿದ್ದರೆ ತಪ್ಪು ಬಹುಮಟ್ಟಿಗೆ ಕಟಿಂಗ್‌ನದು. ಎರಡಕ್ಕೂ ಮದ್ದು ಬೇರೆ ಬೇರೆ.

ಹಿಗ್ಗುವ ಬಟ್ಟೆಗೆ ಮಾಮೂಲಿ ನೇರ ಹೊಲಿಗೆ ಹಾಕಿದ್ದರೆ, ನೀವು ಕೂತಾಗ ಬಟ್ಟೆ ಹಿಗ್ಗುತ್ತದೆ, ನೂಲು ಹಿಗ್ಗುವುದಿಲ್ಲ, ಪಟ್ಟನೆ ಕಿತ್ತುಕೊಳ್ಳುತ್ತದೆ. ಅಲ್ಲಿ ಸಣ್ಣ ಜಿಗ್‌ಜಾಗ್ ಹೊಲಿಗೆ ಹಾಕಿಸಿ, ಒಳಗಿನ ಅಂಚನ್ನು ಓವರ್‌ಲಾಕ್ ಮಾಡಿಸಿದರೆ ಸರಿಹೋಗುತ್ತದೆ.

ಕಟಿಂಗ್ ತಪ್ಪಿದ್ದರೆ ದೊಡ್ಡ ಸೈಜ್‌ನಿಂದ ಕಾಯಿಲೆ ವಾಸಿಯಾಗುವುದಿಲ್ಲ, ಹೆಚ್ಚುತ್ತದೆ. ಸೈಜ್ ದೊಡ್ಡದಾದಂತೆ ಪ್ಯಾಂಟಿನ ಕಾಲುಸಂದಿ ಕೆಳಕ್ಕೆ ಜೋತುಬೀಳುತ್ತದೆ. ಆಗ ತೊಡೆಗಳನ್ನು ಅಗಲಿಸಿದರೆ ಎರಡೂ ಕಾಲಿನ ಬಟ್ಟೆ ನಾಲ್ಕು ತುಂಡುಗಳು ಕೂಡುವ ಆ ಒಂದೇ ಬಿಂದುವನ್ನು ಜಗ್ಗುತ್ತದೆ. ಕಾಲುಸಂದಿ ಮೈಗೆ ಹತ್ತಿರ, ಎರಡು ಬೆರಳಷ್ಟು ಮಾತ್ರ ಕೆಳಗಿದ್ದರೆ ಜಗ್ಗಾಟ ಕಡಿಮೆ. ಕೊಳ್ಳುವಾಗ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ನೋಡಿ: ಕಾಲುಸಂದಿಯಲ್ಲಿ ಗಾಳಿಪಟದಾಕಾರದ ಒಂದು ಪುಟ್ಟ ತುಂಡು ಸೇರಿಸಿದ್ದರೆ ಅದೇ ಗಸೆಟ್. ಜಗ್ಗುವ ಭಾರ ಒಂದೇ ಬಿಂದುವಿಗೆ ಬೀಳದಂತೆ ಅದು ನಾಲ್ಕು ಕಡೆಗೆ ಹಂಚುತ್ತದೆ. ಇಲ್ಲದಿದ್ದರೆ ದರ್ಜಿಯ ಹತ್ತಿರ ಸೇರಿಸಿಕೊಳ್ಳಬಹುದು. ಸುಮಾರು 15 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ತುಂಡು ಸಾಕು. ಕಾಲಿನ ಉದ್ದ ಕತ್ತರಿಸಿದಾಗ ಉಳಿಯುವ ಬಟ್ಟೆಯಲ್ಲೇ ಅದು ಸಿಗುತ್ತದೆ.

ಕನ್ನಡಿಯ ಮುಂದೆ ನೆಟ್ಟಗೆ ನಿಂತು ಪ್ಯಾಂಟು ಆರಿಸಬೇಡಿ. ಪೂರ್ತಿ ಕುಕ್ಕರಿಸಿ ಕೂರಿ, ಒಂದು ಕಾಲನ್ನು ಕುರ್ಚಿಯ ಮೇಲಿಡಿ, ಬಗ್ಗಿ ಪಾದ ಮುಟ್ಟಿ. ಬಗ್ಗಿದಾಗ ಹಿಂದೆ ಸೊಂಟ ಕಾಣಿಸಿತೋ, ಆ ಪ್ಯಾಂಟು ನಿಮ್ಮದಲ್ಲ.

ಪ್ರಶ್ನೆ: ಯೂನಿಸೆಕ್ಸ್ ಸ್ಕ್ರಬ್ಸ್ ಹಾಕಿದರೆ ಹೆಗಲು ಇಳಿಬೀಳುತ್ತದೆ, ಹೊಟ್ಟೆಯ ಹತ್ತಿರ ಮಾತ್ರ ಬಿಗಿ. ಸ್ವಲ್ಪ ನೀಟಾಗಿ ಕಾಣುವಂತೆ ಅಳತೆ ಆರಿಸುವುದು ಹೇಗೆ? (ವಾರ್ಡ್ ನರ್ಸ್)

ಉತ್ತರ: ಯೂನಿಸೆಕ್ಸ್ ಅಂದರೆ ಸಾಮಾನ್ಯವಾಗಿ ಚೌಕಾಕಾರದ ಚೀಲ. ಹೆಗಲಿನಿಂದ ಅಂಚಿನವರೆಗೆ ಒಂದೇ ಅಗಲ. ಗಂಡಸರಿಗೆಂದೇ ಕತ್ತರಿಸಿದ್ದರಲ್ಲಿ ಹೆಗಲು ಅಗಲ, ಸೊಂಟದತ್ತ ತುಸು ಕಿರಿದು, ಪ್ಯಾಂಟಿನ ಮುಂಭಾಗಕ್ಕೆ ಹೆಚ್ಚು ಬಟ್ಟೆ ಇರುತ್ತದೆ. ಹೊಟ್ಟೆ ಇದ್ದವರಿಗೂ ಅದೇ ವಾಸಿ, ಪಕ್ಕದಲ್ಲಿ 8ರಿಂದ 10 ಸೆಂ.ಮೀ. ಸೀಳು ಇರಬೇಕಷ್ಟೆ. ಸೀಳಿಲ್ಲದ ಮೇಲಂಗಿ ಕೂತಾಗ ಹೊಟ್ಟೆಯ ಮೇಲೇರಿ ಮುದುರಿ ನಿಲ್ಲುತ್ತದೆ.

ಎದೆಯ ಅತಿ ಅಗಲದ ಭಾಗದಲ್ಲಿ ಟೇಪು ಸುತ್ತಿ ಅಳತೆ ತೆಗೆಯಿರಿ. ಹಿಗ್ಗದ ಬಟ್ಟೆಯಾದರೆ ಅದಕ್ಕೆ 10–12 ಸೆಂ.ಮೀ., ಹಿಗ್ಗುವ ಬಟ್ಟೆಯಾದರೆ 6–8 ಸೆಂ.ಮೀ. ಸೇರಿಸಿ, ಸಿದ್ಧ ಉಡುಪಿನ ಸುತ್ತಳತೆ ಅಷ್ಟಿರಬೇಕು. ಹೊಟ್ಟೆ ಎದೆಗಿಂತ ದಪ್ಪವಿದ್ದರೆ ಹೊಟ್ಟೆಯ ಅಳತೆಯನ್ನೇ ಹಿಡಿಯಿರಿ. ಹೆಗಲಿನ ಹೊಲಿಗೆ ಹೆಗಲಮೂಳೆಯ ತುದಿಯಲ್ಲೇ ಕೂರಬೇಕು. ತೋಳು ಮೊಣಕೈಗೂ ಹೆಗಲಿಗೂ ನಡುಮಧ್ಯೆ ಮುಗಿಯಲಿ. ಅಗಲವಾದ ತೋಳು ರೆಕ್ಕೆಯಂತೆ ಎದ್ದು ನಿಂತರೆ ಎಷ್ಟೇ ದುಬಾರಿ ಬಟ್ಟೆಯಾದರೂ ಎರವಲು ತಂದಂತೆ ಕಾಣುತ್ತದೆ. ಸ್ಕ್ರಬ್ಸ್‌ನಲ್ಲಿ ಸ್ಟೈಲ್ ಅನ್ನುವುದು ಮುಕ್ಕಾಲು ಪಾಲು ಹೆಗಲು ಮತ್ತು ತೋಳಿನಲ್ಲೇ ಇದೆ, ಉಳಿದದ್ದು ಪ್ಯಾಂಟಿನ ಉದ್ದದಲ್ಲಿ.

ದರ್ಜಿ ಸರಿಪಡಿಸಬಲ್ಲದ್ದು ಯಾವುದು, ಸರಿಪಡಿಸಲಾಗದ್ದು ಯಾವುದು ಅಂತ ತಿಳಿದಿರಲಿ. ಪಕ್ಕದ ಹೊಲಿಗೆ ಒಳಕ್ಕೆ ತರುವುದು, ತೋಳು ಕಿರಿದು ಮಾಡುವುದು, ಪ್ಯಾಂಟಿನ ಉದ್ದ ಕತ್ತರಿಸುವುದು ಸುಲಭ. ಹೆಗಲಿನ ಅಗಲ, ಕಂಕುಳ ಆಳ, ಪ್ಯಾಂಟಿನ ಸೊಂಟದಿಂದ ಕಾಲುಸಂದಿಯವರೆಗಿನ ಅಳತೆ ಮುಟ್ಟಿದರೆ ಹೊಸದನ್ನೇ ಹೊಲಿಸಿದಷ್ಟು ಕೆಲಸ. ಹಾಗಾಗಿ ಈ ಮೂರು ಸರಿಯಿದ್ದರೆ ಮಾತ್ರ ಕೊಳ್ಳಿ.

ಪ್ರಶ್ನೆ: ಪೂರ್ತಿ ಹತ್ತಿಯದೇ ಒಳ್ಳೆಯದು ಅನ್ನುತ್ತಾರೆ ಕೆಲವರು, ಸ್ಟ್ರೆಚ್ ಬಟ್ಟೆಯೇ ಬೇಕು ಅನ್ನುತ್ತಾರೆ ಇನ್ನು ಕೆಲವರು. ನನಗೆ ಬೆವರು ಜಾಸ್ತಿ. 12 ಗಂಟೆಯ ಶಿಫ್ಟ್.

ಉತ್ತರ: ಹತ್ತಿ ಬೆವರನ್ನು ಹೀರುತ್ತದೆ, ಆದರೆ ಬೇಗ ಬಿಡುವುದಿಲ್ಲ. ಮೊದಲ ಗಂಟೆಗಳಲ್ಲಿ ಹಿತ, ಆಮೇಲೆ ಬೆನ್ನಿಗಂಟಿದ ಒದ್ದೆ ಬಟ್ಟೆ. ಸುಕ್ಕೂ ಬೀಳುತ್ತದೆ. ಮುಂಚೆಯೇ ಕುಗ್ಗಿಸದ ಹತ್ತಿಬಟ್ಟೆ ಶೇ. 3ರಿಂದ 5ರಷ್ಟು ಕುಗ್ಗುತ್ತದೆ, 80 ಸೆಂ.ಮೀ. ಕಾಲುದ್ದದಲ್ಲಿ ಅದು 2.4ರಿಂದ 4 ಸೆಂ.ಮೀ. ಎರಡು ಸಲ ಒಗೆಯದೆ ಉದ್ದ ಕತ್ತರಿಸಿದವರ ಕಣಕಾಲು ಕಾಣುವುದು ಇದರಿಂದಲೇ.

ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ, ಇಸ್ತ್ರಿಯ ಗೊಡವೆ ಕಡಿಮೆ. ಆದರೆ ಮೈಯ ಎಣ್ಣೆ ಅದಕ್ಕೆ ಅಂಟಿಕೊಳ್ಳುತ್ತದೆ. ಒಗೆದ ಮೇಲೂ ಕಂಕುಳಲ್ಲಿ ವಾಸನೆ ಉಳಿಯುವುದು ಅದಕ್ಕೇ.

ನಿಮ್ಮಂಥವರಿಗೆ ನಮ್ಮ ಆಯ್ಕೆ ಪಾಲಿಯೆಸ್ಟರ್, ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ಎಳೆ) ಮತ್ತು ಸ್ವಲ್ಪ ಸ್ಪ್ಯಾಂಡೆಕ್ಸ್ (ರಬ್ಬರಿನಂತೆ ಹಿಗ್ಗುವ ಎಳೆ) ಬೆರೆತ ಬಟ್ಟೆ. ವಿಸ್ಕೋಸ್ ಸುಮಾರು ಶೇ. 20, ಸ್ಪ್ಯಾಂಡೆಕ್ಸ್ ಶೇ. 3ರಿಂದ 7 ಇದ್ದರೆ ಹೀರುವಿಕೆಯೂ ಹಿಗ್ಗುವಿಕೆಯೂ ಹದವಾಗಿರುತ್ತವೆ. ತೂಕ ಚದರ ಮೀಟರಿಗೆ 150ರಿಂದ 180 ಗ್ರಾಂ ಇರಲಿ. ಅದಕ್ಕಿಂತ ತೀರಾ ತೆಳ್ಳಗಿದ್ದರೆ ತಿಳಿಬಣ್ಣದಲ್ಲಿ ಒಳಉಡುಪು ಕಾಣುತ್ತದೆ. 200 ದಾಟಿದರೆ ಸೆಕೆ. ಲೇಬಲ್ ಇಲ್ಲದ ಕಡೆ ಬಟ್ಟೆಯನ್ನು ಅಂಗೈಯಲ್ಲಿ ಹತ್ತು ಸೆಕೆಂಡು ಮುದುರಿ ಹಿಡಿದು ಬಿಡಿ, ಸುಕ್ಕು ಎಷ್ಟು ಉಳಿಯಿತೆಂದು ನೋಡಿ. ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಎಳೆಯಿರಿ. ಎಳೆದದ್ದು ವಾಪಸು ಬಾರದೆ ಉಬ್ಬಿದಂತೆ ಉಳಿದರೆ ಕೆಲವೇ ವಾರಗಳಲ್ಲಿ ಮೊಣಕಾಲಿನ ಜಾಗ ಚೀಲವಾಗುತ್ತದೆ.

ದುಡ್ಡು ಉಳಿಸಬೇಕು, ಬಿಸಿನೀರಲ್ಲಿ ಒಗೆಯಲೇಬೇಕು ಅನ್ನುವವರಿಗೆ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿಯ ಹಳೆಯ ಪಾಪ್ಲಿನ್ ಈಗಲೂ ಗಟ್ಟಿ. ನೋಡಲು ಸಪ್ಪೆ, ಹಿಗ್ಗುವುದೂ ಇಲ್ಲ, ಬಾಳಿಕೆ ಮಾತ್ರ ದೀರ್ಘ. ತೊಡೆ ಉಜ್ಜುವಲ್ಲಿ ನೂಲಿನ ಗುಂಡುಗುಂಡು ಏಳಬಹುದು. ಹತ್ತಿಯ ಎಳೆ ಸವೆದು ಸುರುಳಿಯಾದರೂ ಪಾಲಿಯೆಸ್ಟರ್ ಎಳೆ ಅದನ್ನು ಉದುರಲು ಬಿಡುವುದಿಲ್ಲ. ಒಳಮೈ ಹೊರಗೆ ಮಾಡಿ ಒಗೆದರೆ ಗುಂಡು ಏಳುವುದು ನಿಧಾನವಾಗುತ್ತದೆ.

ಪ್ರಶ್ನೆ: ತಿಳಿನೀಲಿ ಸ್ಕ್ರಬ್ಸ್ ಮೇಲೆ ಒಗೆದ ನಂತರವೇ ಕಂದು ಕಲೆಗಳು ಏಳುತ್ತಿವೆ. ಒಗೆಯುವ ಮೊದಲು ಅಲ್ಲಿ ಏನೂ ಇರುವುದಿಲ್ಲ. ಬ್ಲೀಚ್ ಹೆಚ್ಚು ಹಾಕಿದಷ್ಟೂ ಕಲೆ ಗಾಢವಾಗುತ್ತಿದೆ!

ಉತ್ತರ: ಬ್ಲೀಚೇ ಕಾರಣ. ಕೈ ಮತ್ತು ಚರ್ಮ ಶುದ್ಧಿಗೆ ಬಳಸುವ ಕ್ಲೋರ್‌ಹೆಕ್ಸಿಡಿನ್ ಬಟ್ಟೆಗೆ ಸಿಡಿದರೆ ಕಣ್ಣಿಗೆ ಕಾಣುವುದಿಲ್ಲ. ಎಳೆಗಳಲ್ಲಿ ಉಳಿದ ಅದು ಕ್ಲೋರಿನ್ ಬ್ಲೀಚ್ ಜೊತೆ ಸೇರಿದಾಗ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂರುತ್ತದೆ. ಕೂತ ಕಲೆ ಪೂರ್ತಿ ಹೋಗುತ್ತದೆಂದು ನೆಚ್ಚಿಕೊಳ್ಳಬೇಡಿ. ಮುಂದಿನ ಸಲದಿಂದ ಮೊದಲು ಬರೀ ನೀರಲ್ಲಿ ಚೆನ್ನಾಗಿ ಜಾಲಿಸಿ, ಆಮೇಲೆ ಸಾಬೂನುಪುಡಿ. ಬ್ಲೀಚ್ ಬೇಕೆನಿಸಿದರೆ ಕ್ಲೋರಿನ್ ಇಲ್ಲದ್ದು, ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್ ತನ್ನಿ. ಕಂಕುಳ ವಾಸನೆಗೂ ಅದರಲ್ಲೇ ಒಂದು ಗಂಟೆ ನೆನೆಹಾಕಬಹುದು. ಕ್ಲೋರಿನ್ ಸ್ಪ್ಯಾಂಡೆಕ್ಸ್ ಎಳೆಯನ್ನೂ ತಿನ್ನುತ್ತದೆ, ಬಟ್ಟೆ ಸಡಿಲಾಗಿ ಜೋಲುತ್ತದೆ.

ರಕ್ತದ ಕಲೆಗೆ ತಣ್ಣೀರು ಮಾತ್ರ. ಬಿಸಿನೀರಿಗೆ ರಕ್ತದ ಪ್ರೋಟೀನ್ ಬೆಂದ ಮೊಟ್ಟೆಯ ಹಾಗೆ ಹೆಪ್ಪುಗಟ್ಟಿ ಎಳೆಯನ್ನು ಹಿಡಿದುಬಿಡುತ್ತದೆ. ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಹಾಕುವುದಿದ್ದರೆ ಒಳ ಅಂಚಿನಲ್ಲಿ ಒಂದು ಹನಿ ಬಿಟ್ಟು ಬಣ್ಣ ನಿಲ್ಲುತ್ತದೆಯೇ ನೋಡಿ. ಗಾಯಕ್ಕೆ ಹಚ್ಚುವ ಕಂದು ಔಷಧಿ ಪೊವಿಡೋನ್ ಅಯೋಡಿನ್‌ನ ಕಲೆಗೆ ವಿಟಮಿನ್ ಸಿ ಮಾತ್ರೆಯನ್ನು ನೀರಲ್ಲಿ ಕರಗಿಸಿ ಹಚ್ಚಿ. ಕಂದು ಬಣ್ಣ ಕಣ್ಣೆದುರೇ ಮಾಯವಾಗುತ್ತದೆ. ಆದರೆ ಬಣ್ಣ ಹಾಕಿದ ಕಿತ್ತಳೆ ಮಾತ್ರೆ ಬೇಡ, ಒಂದು ಕಲೆ ಹೋಗಿ ಇನ್ನೊಂದು ಬಂದೀತು.

ಮೆದುಗೊಳಿಸುವ ದ್ರವವನ್ನು ಸ್ಕ್ರಬ್ಸ್‌ಗೆ ಹಾಕಬೇಡಿ. ಎಳೆಗಳ ಮೇಲೆ ಮೇಣದಂಥ ಪದರ ಕೂತು ಬೆವರು ಹೀರುವುದು ತಗ್ಗುತ್ತದೆ. ಲೇಬಲ್ ಒಪ್ಪಿದರೆ 60 ಡಿಗ್ರಿಯಲ್ಲಿ ಒಗೆಯಿರಿ, ಮನೆಯ ಬೇರೆ ಬಟ್ಟೆಗಳ ಜೊತೆ ಸೇರಿಸದೆ.

ಪ್ರಶ್ನೆ: ಆಪರೇಷನ್ ಥಿಯೇಟರ್‌ನಲ್ಲಿ ಹಸಿರು, ನೀಲಿಯೇ ಯಾಕೆ? ನನಗೆ ಕಪ್ಪು ಇಷ್ಟ.

ಉತ್ತರ: ಕೆಂಪನ್ನೇ ದಿಟ್ಟಿಸಿದ ಕಣ್ಣು ಬಿಳಿಯ ಕಡೆ ತಿರುಗಿದರೆ ಹಸಿರು ನೆರಳು ತೇಲಿದಂತೆ ಕಾಣುತ್ತದೆ. ಹಸಿರು, ನೀಲಿ ಬಟ್ಟೆಯ ಮೇಲೆ ಅದು ಕರಗಿಹೋಗುತ್ತದೆ. ದೀಪದ ಪ್ರಖರತೆಯೂ ಬಿಳಿಯಂತೆ ಕಣ್ಣಿಗೆ ಹೊಡೆಯುವುದಿಲ್ಲ. ಥಿಯೇಟರ್‌ಗೆ ಆಸ್ಪತ್ರೆ ಕೊಟ್ಟದ್ದನ್ನೇ ಹಾಕಿ, ನಿಮ್ಮ ಇಷ್ಟ ಹೊರಗೆ ಇರಲಿ. ಕಪ್ಪು, ಗಾಢನೀಲಿಯಲ್ಲಿ ಒದ್ದೆ ಬೆವರು ಕಾಣದು, ಒಣಗಿದ ಮೇಲೆ ಉಪ್ಪಿನ ಬಿಳಿಗೆರೆ ಕಾಣುತ್ತದೆ, ನೂಲಿನ ಚೂರೂ ಕಾಣುತ್ತದೆ. ಬೆವರು ಅತಿ ಎದ್ದು ಕಾಣುವುದು ತಿಳಿಬೂದಿಯಲ್ಲಿ.

ಪ್ರಶ್ನೆ: ದಂತವೈದ್ಯ ನಾನು. ‘ಆ್ಯಂಟಿಮೈಕ್ರೋಬಿಯಲ್’ (ರೋಗಾಣು ತಡೆಯುತ್ತದೆ ಎನ್ನುವ) ಸ್ಕ್ರಬ್ಸ್‌ಗೆ ಹೆಚ್ಚು ಕೊಡಬಹುದೆ?

ಉತ್ತರ: ಆ ಒಂದು ಪದಕ್ಕಾಗಿ ಬೇಡ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಐಸಿಯುನ 40 ನರ್ಸ್‌ಗಳಿಗೆ ಸಾಮಾನ್ಯ ಸ್ಕ್ರಬ್ಸ್ ಮತ್ತು ಎರಡು ಬಗೆಯ ಇಂಥ ಸ್ಕ್ರಬ್ಸ್ ತೊಡಿಸಿ ಹೋಲಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಟ್ಟೆಗೆ ಅಂಟುವ ರೋಗಾಣುಗಳು ಕಡಿಮೆಯಾಗಲಿಲ್ಲ. ನಿಮ್ಮ ಕೆಲಸದಲ್ಲಿ ಸಿಡಿಯುವ ಜೊಲ್ಲು, ರಕ್ತಕ್ಕೆ ಸ್ಕ್ರಬ್ಸ್ ಮೇಲೆ ದ್ರವ ಇಳಿಯದ ಗೌನ್ ಬೇಕೇ ಬೇಕು. ಸ್ಕ್ರಬ್ಸ್ ಕೆಲಸದ ಉಡುಪು, ರಕ್ಷಾಕವಚವಲ್ಲ.

ಪ್ರಶ್ನೆ: ಕಿಸೆ ತುಂಬಿದರೆ ಪ್ಯಾಂಟು ಜಾರುತ್ತದೆ. ಲಾಡಿ ಬಿಗಿ ಕಟ್ಟಿದರೆ ಹೊಟ್ಟೆ ನೋವು.

ಉತ್ತರ: ಬರೀ ಲಾಡಿಯ ಪ್ಯಾಂಟು ಬಿಟ್ಟು, ಹಿಂದೆ ಅಗಲ ಇಲಾಸ್ಟಿಕ್, ಮುಂದೆ ಲಾಡಿ ಇರುವುದನ್ನು ತೆಗೆದುಕೊಳ್ಳಿ. ಇಲಾಸ್ಟಿಕ್ 3ರಿಂದ 4 ಸೆಂ.ಮೀ. ಅಗಲವಿದ್ದರೆ ಚರ್ಮ ಕೊರೆಯುವುದಿಲ್ಲ. ಲಾಡಿಯ ನಡುವನ್ನು ಹಿಂದೆ ಒಂದು ಹೊಲಿಗೆ ಹಾಕಿ ಹಿಡಿಸಿ, ಒಗೆದಾಗ ಒಳಗೆ ಎಳೆದುಕೊಂಡು ಹೋಗದು. ಫೋನು ತೊಡೆಯ ಪಕ್ಕದ ಕಿಸೆಯಲ್ಲಿರಲಿ. ಎದೆಯ ಕಿಸೆಯಲ್ಲಿಟ್ಟರೆ ನೀವು ಬಗ್ಗಿದಾಗ ರೋಗಿಯ ಮೇಲೇ ಬೀಳುತ್ತದೆ. ಕಿಸೆಯ ಬಾಯಿಯ ಎರಡೂ ಮೂಲೆಗಳಲ್ಲಿ ಒತ್ತಾದ ಅಡ್ಡಹೊಲಿಗೆ ಇದೆಯೇ ನೋಡಿ. ಕಿಸೆ ಕೀಳುವುದು ಅಲ್ಲಿಂದಲೇ.

ಪ್ರಶ್ನೆ: ವಿ ಕೊರಳಿನ ಒಳಗೆ ಬನಿಯನ್ ಕಾಣಿಸುತ್ತದೆ. ಏನು ಮಾಡಲಿ?

ಉತ್ತರ: ಒಳಗೂ ವಿ ಕೊರಳಿನದೇ, ಇನ್ನೂ ಆಳವಾದದ್ದು ಹಾಕಿ. ಬಿಳಿಗಿಂತ ಮೈಬಣ್ಣದ್ದು ಕಡಿಮೆ ಕಾಣುತ್ತದೆ.

ಪ್ರಶ್ನೆ: ತಮ್ಮನಿಗೆ ಮೊದಲ ಕೆಲಸಕ್ಕೆ ಸ್ಕ್ರಬ್ಸ್ ಉಡುಗೊರೆ ಕೊಡಬೇಕು, ಗೊತ್ತಾಗದಂತೆ. ಅಳತೆ ಹೇಗೆ? ಜಾಗರ್ (ಕಣಕಾಲಲ್ಲಿ ಪಟ್ಟಿ ಬಿಗಿದ ಪ್ಯಾಂಟು) ತರಲೆ?

ಉತ್ತರ: ಅವರಿಗೆ ಚೆನ್ನಾಗಿ ಒಪ್ಪುವ ಒಂದು ಪ್ಯಾಂಟನ್ನು ನೆಲದ ಮೇಲೆ ಹಾಸಿ, ಕಾಲುಸಂದಿಯಿಂದ ಅಂಚಿನವರೆಗೆ ಒಳಹೊಲಿಗೆಯ ಮೇಲೆ ಅಳೆಯಿರಿ. ಅಂಗಿಯ ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಬಣ್ಣ ಮಾತ್ರ ಕೇಳಿಯೇ ತನ್ನಿ, ಹಲವು ಆಸ್ಪತ್ರೆಗಳಲ್ಲಿ ವಿಭಾಗಕ್ಕೊಂದು ಬಣ್ಣವಿರುತ್ತದೆ. ಜಾಗರ್ ಅಂಚು ನೆಲ ಒರೆಸುವುದಿಲ್ಲ, ನೋಟವೂ ಚುರುಕು. ಆದರೆ ಉದ್ದ ಕಾಲಿನವರಿಗೆ ಕೂತಾಗ ಮೀನಖಂಡದವರೆಗೆ ಏರುತ್ತದೆ, ದರ್ಜಿ ಉದ್ದ ಮಾಡಲಾರ. ಎತ್ತರದವರಾದರೆ ನೇರ ಕಾಲಿನದನ್ನೇ ಕೊಡಿ, ಅಂಚು ಬೂಟಿನ ಅಡಿಗಿಂತ ಒಂದೆರಡು ಸೆಂ.ಮೀ. ಮೇಲಿರುವಂತೆ. ಬಿಲ್ಲನ್ನು ಎಸೆಯಬೇಡಿ, ಲೇಬಲ್ ಕತ್ತರಿಸಬೇಡಿ.