ಜ್ವರ ಬಿಟ್ಟ ಮೇಲೂ ಮಗುವಿಗೆ ಕಿಡ್ನಿ ಸ್ಕ್ಯಾನಿಂಗ್ ಬೇಕಾ?

ಮಗಳಿಗೆ ಹದಿನಾಲ್ಕು ತಿಂಗಳು, ಮೂತ್ರದ ಸೋಂಕಾಗಿ ಜ್ವರ ಬಂದಿತ್ತು, ಔಷಧಿಗೆ ಬಿಟ್ಟಿದೆ. ಈಗ ಡಾಕ್ಟರು ಸ್ಕ್ಯಾನಿಂಗ್ ಬರೆದಿದ್ದಾರೆ, ಅತ್ತೆ ಮಾತ್ರ ಇಷ್ಟು ಸಣ್ಣ ಮಗುವಿಗೆ ಬೇಡ ಅನ್ನುತ್ತಿದ್ದಾರೆ ಅಂತ ಕುಮಟಾದಿಂದ ಕೇಳಿದ್ದೀರಿ.

ಖಂಡಿತ ಮಾಡಿಸಿ. ನಾನು ಶಿರಸಿಯಲ್ಲಿ ಮಕ್ಕಳ ವಾರ್ಡಿನ ನರ್ಸ್. ಅತ್ತೆಯವರಿಗೆ ಎಕ್ಸ್‌ರೇ ಹೆದರಿಕೆ ಇರಬೇಕು. ಇದರಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ, ಶಬ್ದದ ಅಲೆ ಅಷ್ಟೇ. ಮಗು ಹೊಟ್ಟೆಯಲ್ಲಿದ್ದಾಗ ನಿಮಗೆ ಮಾಡಿದ್ದೂ ಇದೇ ಅಲ್ವಾ? ಹಾಗೆ ಹೇಳಿ ನೋಡಿ.

ಸೋಂಕು ಇದೆಯೋ ಇಲ್ಲವೋ ಹೇಳೋದು ಮೂತ್ರ ಪರೀಕ್ಷೆ. ಸ್ಕ್ಯಾನಿಂಗ್‌ನಲ್ಲಿ ನೋಡೋದೇ ಬೇರೆ. ಎರಡೂ ಕಿಡ್ನಿ ಸರಿಯಾಗಿ ಬೆಳೆದಿವೆಯಾ, ಎಲ್ಲಾದರೂ ಮೂತ್ರ ಕಟ್ಟಿಕೊಂಡು ಊದಿದೆಯಾ, ಮೂತ್ರಕೋಶದ ಗೋಡೆ ದಪ್ಪಗಾಗಿದೆಯಾ ಅಂತ. ಎರಡು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಜ್ವರದ ಜೊತೆ ಈ ಸೋಂಕಾದರೆ ಸ್ಕ್ಯಾನ್ ಮಾಡಿಸಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲೇ ಹೇಳಿದೆ.

ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಬರುವ ಕೆಲವರು ಖಾಲಿ ಹೊಟ್ಟೆ ಬೇಕು ಅಂದುಕೊಂಡು ಬೆಳಿಗ್ಗೆಯಿಂದ ಮಗುವಿಗೆ ಏನೂ ಕೊಟ್ಟಿರುವುದಿಲ್ಲ. ಪಾಪ, ಅತ್ತು ಅತ್ತು ಸುಸ್ತಾಗಿರುತ್ತದೆ. ಇದಕ್ಕೆ ಬೇಕಾಗಿರೋದು ತುಂಬಿದ ಮೂತ್ರಕೋಶ. ಸರದಿ ಹತ್ತಿರ ಬಂದಾಗ ಹಾಲು, ನೀರು ಕುಡಿಸಿ. ಡೈಪರ್ ಬಿಚ್ಚಿ ತಣ್ಣನೆಯ ಜೆಲ್ ತಾಗಿಸಿದ ಕೂಡಲೇ ಎಷ್ಟೋ ಮಕ್ಕಳು ಉಚ್ಚೆ ಹೊಯ್ದುಬಿಡುತ್ತವೆ. ಅದಕ್ಕೇ ಮೊದಲು ಮೂತ್ರಕೋಶ ನೋಡಿಬಿಡಿ ಅಂತ ಡಾಕ್ಟರಿಗೆ ಹೇಳಿ. ಕಿಡ್ನಿ ಆಮೇಲೆ ನೋಡಿದರೂ ನಡೆಯುತ್ತದೆ. ಮಗು ನಿಮ್ಮ ತೊಡೆ ಮೇಲೇ ಇರಲಿ.

ರಿಪೋರ್ಟ್ ನಾರ್ಮಲ್ ಬಂದರೆ ಸಂತೋಷ. ಆದರೆ ಅಲ್ಲಿಗೇ ಮರೆತುಬಿಡಬೇಡಿ. ಕೆಲವು ಮಕ್ಕಳಿಗೆ ಮೂತ್ರ ಕಿಡ್ನಿ ಕಡೆಗೆ ವಾಪಸ್ ಹೋಗುವ ತೊಂದರೆ ಇರುತ್ತದೆ, ಅದು ಈ ಸ್ಕ್ಯಾನಿಂಗ್‌ನಲ್ಲಿ ಕಾಣದೇ ಹೋಗಬಹುದು. ಅದನ್ನು ನೋಡಲು ಸಣ್ಣ ನಳಿಕೆ ಹಾಕಿ ತೆಗೆಯುವ ಎಕ್ಸ್‌ರೇ ಇದೆ, ಮೊದಲ ಸಲಕ್ಕೇ ಎಲ್ಲ ಮಕ್ಕಳಿಗೂ ಅದು ಬೇಕಿಲ್ಲ. ನಿಮ್ಮ ಕೈಯಲ್ಲಿರೋದು ಮುಂದಿನ ಜ್ವರದ ಮೇಲೆ ಕಣ್ಣಿಡೋದು. ಮತ್ತೆ ಜ್ವರ ಬಂದರೆ ಮಳೆಗಾಲದ ಜ್ವರ ಅಂತ ಸುಮ್ನೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ. ಅವತ್ತೇ ತೋರಿಸಿ, ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಮೂತ್ರ ಪರೀಕ್ಷೆಗೆ ಕೊಡಿ. ಹಳೇ ಕಲ್ಚರ್ ರಿಪೋರ್ಟನ್ನೂ ಒಯ್ಯಿರಿ. ಹೋದ ಸಲದ ಕ್ರಿಮಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ.