ಬಿಸಿಲಿಗಿಟ್ಟರೂ ಬಣ್ಣ ಬಿಡದ ನೀರು

ಪ್ರಶ್ನೆ: ನಮ್ಮದು ಹತ್ತಿ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಟೈಟಾನಿಯಂ ಡೈಆಕ್ಸೈಡ್ ಬೆರೆಸಿ ಬಿಸಿಲಿಗಿಟ್ಟರೆ ಬಣ್ಣದ ನೀರು ತಿಳಿಯಾಗುತ್ತದೆ ಎಂದು ಕೇಳಿ, ಪೇಂಟ್ ಅಂಗಡಿಯ ಬಿಳಿ ಪುಡಿ ತಂದು ಬಕೆಟ್‌ಗೆ ಹಾಕಿದೆವು. ಎರಡು ದಿನವಾದರೂ ನೀರು ಕೆಂಪಗೇ ಇದೆ. ಏನು ತಪ್ಪಾಗಿದೆ?
– ಓದುಗರೊಬ್ಬರು, ಬನಹಟ್ಟಿ

ಉತ್ತರ: ಮೊದಲ ತೊಡಕು ಪುಡಿಯದೇ. ಟೈಟಾನಿಯಂ ಡೈಆಕ್ಸೈಡ್‌ನ ಹರಳುಗಳಲ್ಲಿ ರೂಟೈಲ್, ಅನಾಟೇಸ್ ಎಂಬ ಬಗೆಗಳಿವೆ. ಪೇಂಟಿಗೆ ಸಾಮಾನ್ಯವಾಗಿ ಬಳಸುವುದು ರೂಟೈಲ್. ಬಿಸಿಲಿಗೆ ಗೋಡೆಯ ಬಣ್ಣ ಪುಡಿಪುಡಿಯಾಗಿ ಉದುರಬಾರದೆಂದು ಅದರ ಕಣಗಳಿಗೆ ಸಿಲಿಕಾ, ಅಲ್ಯೂಮಿನಾ ಲೇಪ ಕೊಟ್ಟಿರುತ್ತಾರೆ. ಅಂದರೆ ಬೆಳಕು ಬಿದ್ದಾಗ ಬಣ್ಣ ಒಡೆಯುವ, ನಿಮಗೆ ಬೇಕಾದ ಗುಣವನ್ನೇ ಅಲ್ಲಿ ಬೇಕೆಂದೇ ಅಡಗಿಸಿರುತ್ತಾರೆ. ಕೆಮಿಕಲ್ ಅಂಗಡಿಯಲ್ಲಿ ಲೇಪವಿಲ್ಲದ ಅನಾಟೇಸ್ ಕೇಳಿ. ಪುಡಿ ಮುಟ್ಟುವಾಗ ಮಾಸ್ಕ್ ಇರಲಿ.

ಅನಾಟೇಸ್ ಕೆಲಸ ಮಾಡಲು 387 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕು ಬೇಕು. ಬಿಸಿಲಿನಲ್ಲಿ ಅತಿನೇರಳೆಯ ಪಾಲು ಶೇ 5ರ ಆಸುಪಾಸು ಅಷ್ಟೇ. ದಟ್ಟ ಬಣ್ಣದೊಳಗೆ ಅದೂ ಇಳಿಯುವುದಿಲ್ಲ. ಬಕೆಟ್ ಬಿಟ್ಟು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು ಮೂರು ಸೆಂ.ಮೀ. ಆಳಕ್ಕೆ ಮಾತ್ರ ನೀರು ಹಾಕಿ. ಪುಡಿ ಲೀಟರಿಗೆ 1 ಗ್ರಾಂ ಸಾಕು. ಹೆಚ್ಚಿಗೆ ಸುರಿದರೆ ನೀರು ಹಾಲಿನಂತಾಗಿ ಬೆಳಕಿಗೇ ಅಡ್ಡ.

ಎರಡನೆಯ ತೊಡಕು ನೀರಿನದು. ಹತ್ತಿಗೆ ಬಳಸುವ, ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆಯುವ ರಿಯಾಕ್ಟಿವ್ ಬಣ್ಣದ ನೀರಿನ ಪಿಎಚ್ 10–11 ಇರುತ್ತದೆ. ಆಗ ಕಣದ ಮೈಯಲ್ಲೂ ಋಣ ವಿದ್ಯುದಂಶ, ಬಣ್ಣದಲ್ಲೂ ಋಣ ವಿದ್ಯುದಂಶ. ಎರಡೂ ಹತ್ತಿರ ಸೇರುವುದಿಲ್ಲ. ಜೊತೆಗೆ ಬೆಳಕು ಬಿದ್ದಾಗ ಪುಡಿಯ ಮೈಮೇಲೆ ಹುಟ್ಟಿ ಬಣ್ಣ ಒಡೆಯಬೇಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಬಣ್ಣ ಹಾಕುವಾಗ ಬೆರೆಸಿದ ಸೋಡಾದ ಕಾರ್ಬೊನೇಟ್ ನುಂಗುತ್ತದೆ. ಹಾಗಾಗಿ ಬಣ್ಣದ ತೊಟ್ಟಿಯ ನೀರನ್ನು ಬೇರೆ ಹಿಡಿದಿಡಿ. ನೂಲು ಜಾಲಿಸಿದ ಕೊನೆಯ ತೆಳು ನೀರಿನ ಮೇಲಷ್ಟೇ ಇದನ್ನು ಪ್ರಯೋಗಿಸಿ. ದುರ್ಬಲ ಗಂಧಕಾಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಗುಳ್ಳೆ ಏಳುವುದು ನಿಂತ ಮೇಲೆ ಪಿಎಚ್ ಅಳೆದು 5ಕ್ಕೆ ತನ್ನಿ. ಕೈಗವಸು ಮರೆಯಬೇಡಿ. ಮೀನಿನ ತೊಟ್ಟಿಯ ಏರ್ ಪಂಪ್ ಹಚ್ಚಿದರೆ ಪುಡಿ ತಳ ಹಿಡಿಯದು, ಆಮ್ಲಜನಕವೂ ಸಿಗುತ್ತದೆ. ಮುಗಿದ ಮೇಲೆ ಪಿಎಚ್ 6.5ರ ಹತ್ತಿರ ತಂದು ರಾತ್ರಿ ಅಲುಗಿಸದೆ ಬಿಡಿ. ಕಣಗಳು ಗುಂಪುಗೂಡಿ ಕೂರುತ್ತವೆ. ಮೇಲಿನ ನೀರು ಬಸಿದು ಗಸಿಯನ್ನು ಮತ್ತೆ ಬಳಸಬಹುದು.

ಆದರೆ ಬಣ್ಣ ಹೋದರೂ ಬಣ್ಣ ಹಾಕುವಾಗ ಬೆರೆಸಿದ ಉಪ್ಪು ಹೋಗದು. ಇಡೀ ಘಟಕದ ನೀರಿಗೆ ಇದನ್ನೇ ನಂಬಿ ಹಳ್ಳಕ್ಕೋ ಹೊಲಕ್ಕೋ ಬಿಡುವಂತಿಲ್ಲ.

ಪ್ರಶ್ನೆ: ಟೈಟಾನಿಯಂ ಡೈಆಕ್ಸೈಡ್ ಪುಡಿ ಬಣ್ಣ ಒಡೆಯುವುದನ್ನು ಅಳೆಯುವ ಪ್ರಾಜೆಕ್ಟಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ತೆಗೆದುಕೊಂಡಿದ್ದೇನೆ. ದೀಪ ಹಚ್ಚುವ ಮೊದಲೇ ಬಣ್ಣ ಇಳಿಯುತ್ತದೆ. ಯಾಕೆ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಬಣ್ಣ ಪುಡಿಗೆ ಅಂಟಿಕೊಳ್ಳುತ್ತಿದೆ, ಅಷ್ಟೇ. ಲೀಟರಿಗೆ 10 ಮಿ.ಗ್ರಾಂ ದ್ರಾವಣವನ್ನು ಪುಡಿಯೊಂದಿಗೆ ಕತ್ತಲಲ್ಲಿ ಅರ್ಧ ಗಂಟೆ ಕಲಕಿ, ನಂತರದ ರೀಡಿಂಗನ್ನೇ ಆರಂಭದ ಸಾಂದ್ರತೆ ಎಂದು ಹಿಡಿಯಿರಿ. ಪ್ರತಿ ಮಾದರಿಯನ್ನೂ ಸೆಂಟ್ರಿಫ್ಯೂಜ್ ಮಾಡಿ 664 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆ ಓದಿ. ಪುಡಿ ಉಳಿದರೆ ರೀಡಿಂಗ್ ಏರುತ್ತದೆ. ಪುಡಿಯಿಲ್ಲದ ಬೀಕರ್ ಒಂದನ್ನೂ ಪಕ್ಕದಲ್ಲಿಡಿ, ಈ ಬಣ್ಣ ಬೆಳಕಿಗೆ ತಾನಾಗಿಯೂ ಮಾಸುತ್ತದೆ. ಬಣ್ಣ ಮಾಸಿತೆಂದರೆ ಅಣು ಪೂರ್ತಿ ಒಡೆಯಿತು ಎಂದಲ್ಲ. ಸಿಒಡಿ (ನೀರಿನ ಸಾವಯವ ಕಲ್ಮಶದ ಅಳತೆ) ಕೂಡ ಇಳಿದಿದ್ದರೆ ಮಾತ್ರ ವರದಿಯಲ್ಲಿ ಹಾಗೆ ಬರೆಯಿರಿ.